ಬೆಳಿಗ್ಗೆ ಮಾತ್ರ ಮೆತ್ತಗಾಗುವ ಪೆಡಲ್

ಗುಡ್ಡದ ಮೇಲಿನ ಮನೆ
ಫೆಬ್ರವರಿ ೨

ಬೀಗಿತ್ತಿಯವರಿಗೆ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಕೇಳೋಣವೆಂದು ಎರಡು ಮೂರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ನಿಮ್ಮ ಅಂಗಡಿಯ ಮೇಸ್ತ್ರಿ ಎತ್ತಿಕೊಂಡು, "ಅಮ್ಮಾವ್ರು ಲಾರಿ ಕೆಳಗಿದ್ದಾರೆ, ಏನಿದ್ರೂ ಬರೆದು ಕಳಿಸ್ಬೇಕಂತೆ" ಎಂದ. ಮಗಳನ್ನು ಕೊಟ್ಟ ಮನೆಯವರಿಗಿಂತ ಲಾರಿ ದೊಡ್ಡದಾದರೆ ಆಗಲಿ. ಬರೆಯುತ್ತಿದ್ದೇನೆ.

ವಿಷಯ ನಿಮ್ಮ ಮಗಳದು, ಅಂದರೆ ನನ್ನ ಸೊಸೆಯದು. ಅವಳು ಓಡಿಸುವ ಕರೆಂಟಿನ ಕಾರಿನ ಬ್ರೇಕ್ ಪೆಡಲ್ ಮೆತ್ತಗಿದೆಯಂತೆ. ದಿನಾ ಬೆಳಿಗ್ಗೆ ನಮ್ಮ ಮೊಮ್ಮಗಳು ಗುಬ್ಬಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಅವಳನ್ನು ಶಾಲೆಗೆ ಬಿಟ್ಟು, ತಾನು ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಾಳೆ. ನಮ್ಮ ರಸ್ತೆ ಕಡಿದಾದ ಇಳಿಜಾರು, ಅಲ್ಲಗಳೆಯುವುದಿಲ್ಲ. ಆದರೆ ಈ ಮನೆಯಲ್ಲಿ ಮೂವತ್ತು ವರ್ಷದಿಂದ ಎಲ್ಲರೂ ಅದೇ ರಸ್ತೆಯಲ್ಲಿ ಇಳಿದಿದ್ದೇವೆ, ಹತ್ತಿದ್ದೇವೆ. ಕಾರನ್ನು ಸರ್ವಿಸ್ ಸೆಂಟರಿಗೂ ಕಳಿಸಿದೆವು. "ಬ್ರೇಕ್ ಚೆನ್ನಾಗಿದೆ, ಕರೆಂಟಿನ ಗಾಡಿಗೆ ಅಭ್ಯಾಸ ಆಗೋವರೆಗೂ ಹಾಗೇ ಅನ್ಸತ್ತೆ" ಎಂದು ಹೇಳಿ ತೊಳೆದು ಕೊಟ್ಟರು. ಬಾಗಿಲಿಗೊಂದು ಸಣ್ಣ ಗೀರು ಬಿದ್ದಿದೆ, ಅದು ಬೇರೆ ಮಾತು.

ಮೊನ್ನೆ ಊಟಕ್ಕೆ ಕೂತಾಗ ಸೊಸೆ ಗಂಡನ ಮುಂದೆ, "ಕೆಳಗಡೆ ಆಸ್ಪತ್ರೆ ಹತ್ರಾನೇ ಒಂದು ಮನೆ ಮಾಡಿದ್ರೆ ಈ ರಸ್ತೆ ಕಾಟಾನೇ ಇರಲ್ಲ" ಎಂದಳು. ಆಗ ನನಗೆ ಪೆಡಲ್ ಯಾಕೆ ಮೆತ್ತಗಾಯಿತು ಎಂದು ಅರ್ಥವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೇರೆ ಮನೆ ಬೇಕಾದವಳು ಬ್ರೇಕ್ ಮೆತ್ತಗೆ ಎನ್ನುತ್ತಾಳೆ.

ನೀವು ಬ್ರೇಕಿನ ಅಂಗಡಿ ನಡೆಸುವವರು. ನಿಮ್ಮ ಮಾತಾದರೆ ಕೇಳುತ್ತಾಳೆ. ನಾಲ್ಕು ಬುದ್ಧಿಮಾತು ಬರೆಯಿರಿ.

ಇಂತಿ,
ನಿಮ್ಮ ಅಳಿಯನ ತಾಯಿ


ಬ್ರೇಕ್ ಅಂಗಡಿ
ಫೆಬ್ರವರಿ ೬

ಬೀಗಿತ್ತಿಯವರಿಗೆ,

ನಮಸ್ಕಾರ. ಕಾಗದ ಬಂತು. ಕೆಲಸದ ಮಾತನ್ನು ಫೋನಿನಲ್ಲಿ ಆಡುವ ಪದ್ಧತಿ ನನಗಿಲ್ಲ. ಬಾಯಿಮಾತು ಕಂಪ್ರೆಸರ್ ಸದ್ದಿನಲ್ಲಿ ಹಾರಿಹೋಗುತ್ತದೆ, ಬರೆದದ್ದು ನಿಲ್ಲುತ್ತದೆ.

ನನ್ನ ಮಗಳ ಬಗ್ಗೆ ಒಂದು ಮಾತು. ನೆಲ ನಿಜವಾಗಿಯೂ ಡೊಂಕಿದ್ದರೆ ಕುಣಿಯುವವಳೇ ತಾನೇ ಮೊದಲು ಹೇಳಬೇಕು? ನೋಡುತ್ತ ಕೂತವರಿಗೆ ಅದು ತಿಳಿಯುವುದಿಲ್ಲ. ಅವಳು ಬ್ರೇಕ್ ಡ್ರಮ್ಮಿನ ಮೇಲೆ ಪುಸ್ತಕ ಇಟ್ಟುಕೊಂಡು ಓದಿ ನರ್ಸ್ ಆದವಳು. ಬುದ್ಧಿಮಾತನ್ನು ಬೇಕಾದಾಗ ನಾನೇ ಹೇಳಿಕೊಳ್ಳುತ್ತೇನೆ. ಮೊದಲು ಗಾಡಿ.

ಪೆಡಲ್ ಮೆತ್ತಗೆ ಎಂದರೆ ನೂರಕ್ಕೆ ತೊಂಬತ್ತು ಪಾಲು ಪೈಪಿನಲ್ಲಿ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಅಷ್ಟೇ. ಲಾರಿಯಾದರೇನು, ಕರೆಂಟಿನ ಕಾರಾದರೇನು, ಚಕ್ರ ಹಿಡಿಯುವುದು ಒಂದೇ ವಿದ್ಯೆ. ಅಳಿಯಂದಿರು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯಲಿ. ನನ್ನ ಮಗಳು ಒಂದೊಂದು ಚಕ್ರದ ಹತ್ತಿರ ಕೂತು, ಅಲ್ಲಿರುವ ಸಣ್ಣ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು, ಮತ್ತೆ ಬಿಗಿ ಮಾಡಲಿ. ಪೆಡಲಿಗೆ ದೂರದ ಚಕ್ರ ಮೊದಲು. ಆ ಕೆಲಸ ಅವಳಿಗೆ ಗೊತ್ತು, ಶಾಲೆಯಿಂದ ಬಂದು ಇದನ್ನೇ ಮಾಡುತ್ತಿದ್ದಳು. ಗಾಳಿ ಗುಳ್ಳೆ ನಿಲ್ಲುವವರೆಗೂ ಬಿಡಬಾರದು. ಹೊಸ ಆಯಿಲನ್ನೇ ಹಾಕಬೇಕು.

ಗೀರು ಯಾವ ಬಾಗಿಲಿಗೆ ಬಿದ್ದಿದೆ, ಹೇಗೆ ಬಿತ್ತು? ಬರೆಯಲಿಲ್ಲ ನೀವು.

ಇಂತಿ,
ನಿಮ್ಮ ಸೊಸೆಯ ತಾಯಿ


ಗುಡ್ಡದ ಮೇಲಿನ ಮನೆ
ಫೆಬ್ರವರಿ ೧೨

ಬೀಗಿತ್ತಿಯವರಿಗೆ,

ನಮಸ್ಕಾರ. ನೀವು ಬರೆದ ಹಾಗೆ ಬುಧವಾರ ಸಂಜೆ ಗಾಳಿ ತೆಗೆಸಿದ್ದಾಯಿತು. ನಾನು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು, ನಿಮ್ಮ ಕಾಗದ ಕೈಯಲ್ಲಿ ಹಿಡಿದು, ಒಂದೊಂದೇ ಸಾಲು ಓದಿ ಹೇಳಿದೆ. ಸೊಸೆ ಚಕ್ರದ ಪಕ್ಕ ನೆಲದ ಮೇಲೆ ಕೂತಿದ್ದಳು.

"ರೀ, ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ. ಬಿಡ್ಬೇಡಿ. ಅಯ್ಯೋ, ಬಿಡ್ಬೇಡಿ ಅಂದ್ನಲ್ಲ! ಗಾಳಿ ಮತ್ತೆ ಒಳಗೋಯ್ತು!"

"ನೀನು ಬಿಗಿ ಮಾಡ್ದೆ ಅನ್ಕೊಂಡೆ ಕಣೆ."

"ಅನ್ಕೋಬೇಡಿ. ನಾನು ಹೇಳಿದ್ಮೇಲೆ ಬಿಡಿ."

"ಮದುವೆ ಆದಾಗಿಂದ ಅದನ್ನೇ ತಾನೇ ಮಾಡ್ತಿರೋದು" ಎಂದ ನನ್ನ ಮಗ. ಗುಬ್ಬಿ ಕುಣಿದಾಡುತ್ತಿದ್ದಳು. ನನ್ನ ಮಗ ಅರೆಮನಸ್ಸಿನ ಕೆಲಸ ಮಾಡುವವನಲ್ಲ. ಪ್ರತಿ ಸಲವೂ ಪೆಡಲ್ ನೆಲಕ್ಕೆ ತಾಗುವವರೆಗೂ ಮೈಭಾರ ಹಾಕಿ ತುಳಿದ. ಕೊನೆಗೆ ಪೆಡಲ್ ಗಟ್ಟಿಯಾಯಿತು. ಸೊಸೆಯೂ ಒತ್ತಿ ನೋಡಿ ಒಪ್ಪಿದಳು. ನಿಮ್ಮ ವಿದ್ಯೆಗೆ ನಮಸ್ಕಾರ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಗುರುವಾರದಿಂದ ಮತ್ತೆ ಅದೇ ರಾಗ. "ಬೆಳಿಗ್ಗೆ ಇಳಿಯೋವಾಗ ಮಾತ್ರ ಹಾಗಾಗತ್ತೆ ಅತ್ತೆ, ಸಂಜೆ ಸರಿಯಾಗಿರತ್ತೆ" ಎನ್ನುತ್ತಾಳೆ. ಬೆಳಿಗ್ಗೆ ಕೆಟ್ಟು ಸಂಜೆ ತಾನೇ ಸರಿಹೋಗುವ ಯಂತ್ರವನ್ನು ನಾನು ಕಂಡಿಲ್ಲ. ಅಂಥ ಕಾಯಿಲೆ ಶಾಲೆಗೆ ಹೋಗಲು ಮನಸ್ಸಿಲ್ಲದ ಮಕ್ಕಳಿಗೆ ಬರುತ್ತದೆ. ಸರ್ವಿಸ್ ಸೆಂಟರಿನವರು ನೋಡಿದಾಗ ಸರಿ, ಗಂಡ ಓಡಿಸಿದಾಗ ಸರಿ, ಇವಳು ಬೆಳಿಗ್ಗೆ ಇಳಿಯುವಾಗ ಮಾತ್ರ ಮೆತ್ತಗೆ! ಇನ್ನಾದರೂ ನೀವು ಅವಳಿಗೆ ಬರೆಯುತ್ತೀರೆಂದು ನಂಬಿದ್ದೇನೆ.

ಇಂತಿ,
ನಿಮ್ಮ ಅಳಿಯನ ತಾಯಿ


ಬ್ರೇಕ್ ಅಂಗಡಿ
ಫೆಬ್ರವರಿ ೧೬

ಬೀಗಿತ್ತಿಯವರಿಗೆ,

ನಿಮ್ಮ ಕಾಗದವನ್ನು ನಿಂತಲ್ಲೇ ಎರಡು ಸಲ ಓದಿದೆ. ಅದರಲ್ಲಿ ಎರಡು ಮಾತು ನನಗೆ ಹಿಡಿಸಲಿಲ್ಲ.

ಒಂದು, ಪೆಡಲನ್ನು ನೆಲಕ್ಕೆ ತಾಗುವವರೆಗೂ ತುಳಿದದ್ದು. ನಮ್ಮ ಅಂಗಡಿಯಲ್ಲಿ ಪೆಡಲಿನ ಕೆಳಗೆ ಯಾವಾಗಲೂ ಒಂದು ಮರದ ತುಂಡು ಇರುತ್ತದೆ, ಪೆಡಲ್ ಪೂರ್ತಿ ಇಳಿಯದಿರಲಿ ಎಂದು. ಒಳಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಇದೆಯಲ್ಲ, ಅದರ ರಬ್ಬರ್ ದಿನಾ ಓಡಾಡುವ ಜಾಗ ನುಣ್ಣಗಿರುತ್ತದೆ. ಅದರಾಚೆ ಎಂದೂ ಹೋಗದ ಜಾಗದಲ್ಲಿ ತುಕ್ಕು ಕೂತಿರುತ್ತದೆ. ನೆಲದ ತನಕ ತುಳಿದರೆ ರಬ್ಬರ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಮರದ ತುಂಡಿನ ವಿಷಯವನ್ನು ನಾನು ಬರೆಯಲೇ ಇಲ್ಲ. ಇಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಅದು ಪೊರಕೆಯ ಹಾಗೆ ಅಲ್ಲೇ ಇರುವ ವಸ್ತು. ನನ್ನ ಮಗಳು ಯಾವತ್ತೂ ಚಕ್ರದ ಕಡೆ ಕೂತವಳು, ಪೆಡಲ್ ಕಡೆ ಮೇಸ್ತ್ರಿ ಕೂರುತ್ತಿದ್ದ. ಅವಳಿಗೆ ತಿಳಿಯದು. ತಪ್ಪು ನನ್ನದು. ಅಳಿಯಂದಿರನ್ನು ಬೈಯಬೇಡಿ.

ಎರಡು, ಬೆಳಿಗ್ಗೆ ಮಾತ್ರ ಎಂದದ್ದು. ನೆಪ ಹೇಳುವವಳು ಹೊತ್ತುಗೊತ್ತು ನೋಡಿ ಹೇಳುವುದಿಲ್ಲ, ಯಾವಾಗಲೂ ಕೆಟ್ಟಿದೆ ಎನ್ನುತ್ತಾಳೆ. ಈ ಬೆಳಿಗ್ಗೆ ಎಂಬ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ಒಬ್ಬ ಕರೆಂಟಿನ ಆಟೋ ಓಡಿಸುವವನು ಗಾಡಿ ತಂದ. ಕೇಳಿದೆ.

"ಫುಲ್ ಚಾರ್ಜ್ ಮಾಡ್ಕೊಂಡು ಇಳಿಜಾರಲ್ಲಿ ಬಿಟ್ರೆ ಗಾಡಿ ಹಿಡಿಯೋದೇ ಇಲ್ಲಮ್ಮ" ಎಂದ. "ಬೇರೆ ಹೊತ್ತಲ್ಲಿ ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದ ತಕ್ಷಣ ಮೋಟಾರೇ ಗಾಡೀನ ಹಿಂದಕ್ಕೆ ಎಳೆಯತ್ತೆ, ಆ ಎಳೆತದಲ್ಲಿ ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗತ್ತೆ. ಬ್ಯಾಟರಿ ಹೊಟ್ಟೆ ತುಂಬಿದ್ರೆ ಎಲ್ಲಿಗೆ ಹೋಗ್ಬೇಕು? ಉಂಡು ಎದ್ದವನಿಗೆ ಮತ್ತೆ ಬಡಿಸಿದ ಹಾಗೆ. ಬೇಡ ಅನ್ನತ್ತೆ. ಆಗ ಬ್ರೇಕೇ ಗತಿ."

ನೀವು ರಾತ್ರಿಯೆಲ್ಲ ಚಾರ್ಜಿಗೆ ಹಾಕುತ್ತೀರಿ. ಬೆಳಿಗ್ಗೆ ತುಂಬಿದ ಬ್ಯಾಟರಿಯಲ್ಲಿ, ಗೇಟು ದಾಟಿದ ಕೂಡಲೇ ಇಳಿಜಾರು. ದಿನದ ಬೇರೆ ಹೊತ್ತಿನಲ್ಲೆಲ್ಲ ಮೋಟಾರ್ ದುಡಿಯುತ್ತದೆ, ಬ್ರೇಕ್ ಅದರ ಬೆನ್ನ ಹಿಂದೆ ಮಲಗಿರುತ್ತದೆ. ಬೆಳಿಗ್ಗೆ ಅದನ್ನು ಎಬ್ಬಿಸಿದರೆ ಏಳಲಾಗುತ್ತಿಲ್ಲ.

ಇವತ್ತಿನಿಂದ ಬ್ಯಾಟರಿ ಪೂರ್ತಿ ತುಂಬಿಸಬೇಡಿ. ಇನ್ನೊಂದು, ದಯವಿಟ್ಟು ನೀವೇ ಕಾರಿನಲ್ಲಿ ಕೂತು, ಗಾಡಿ ಆನ್ ಮಾಡಿಸಿ, ಪೆಡಲನ್ನು ಮೆಲ್ಲಗೆ ಒತ್ತಿ ಹಾಗೇ ಹಿಡಿದಿರಿ. ಜೋರಾಗಿ ಬೇಡ. ಜೋರಾಗಿ ಒತ್ತಿದರೆ ಹರಿದ ರಬ್ಬರೂ ಉಬ್ಬಿ ತಡೆಯುತ್ತದೆ. ಮೆಲ್ಲಗೆ ಒತ್ತಿದಾಗ ಕಾಲಿನಡಿ ಜಾರುತ್ತದೆಯೇ ಎಂಬುದು ನನಗೆ ಬೇಕು. ಅಳಿಯಂದಿರಿಗೆ ಅವಸರ, ಮಗಳ ಕಾಲನ್ನು ನೀವು ನಂಬುವುದಿಲ್ಲ. ನಿಮ್ಮ ಕಾಲನ್ನು ಇಬ್ಬರೂ ನಂಬೋಣ.

ಗೀರಿನ ವಿಷಯ ಈ ಸಲವೂ ಬರೆಯಲಿಲ್ಲ.

ಇಂತಿ,
ನಿಮ್ಮ ಸೊಸೆಯ ತಾಯಿ


ಗುಡ್ಡದ ಮೇಲಿನ ಮನೆ
ಫೆಬ್ರವರಿ ೨೧, ಸೋಮವಾರ

ಬೀಗಿತ್ತಿಯವರಿಗೆ,

ನಮಸ್ಕಾರ. ನಿಮ್ಮ ಮದ್ದು ಫಲಿಸಿತು. ಬ್ಯಾಟರಿ ಪೂರ್ತಿ ತುಂಬಿಸುವುದನ್ನು ನಿಲ್ಲಿಸಿದ ಮೇಲೆ ಸೊಸೆ ಪೆಡಲಿನ ಮಾತೇ ಎತ್ತಿಲ್ಲ. ಹೋಗುತ್ತಾಳೆ, ಬರುತ್ತಾಳೆ. ಅಷ್ಟು ಸಣ್ಣ ವಿಷಯಕ್ಕೆ ಮನೆ ಬದಲಾಯಿಸಲು ಹೊರಟಿದ್ದಳು, ನೋಡಿ.

ನಾನು ಡ್ರೈವರ್ ಸೀಟಿನಲ್ಲಿ ಕೂರಬೇಕೆಂದು ಬರೆದಿದ್ದೀರಿ. ಈ ವಯಸ್ಸಿನಲ್ಲಿ ಅಂಗಳದಲ್ಲಿ ಸ್ಟೀರಿಂಗ್ ಹಿಡಿದು ಕೂತರೆ ಬೀದಿಯವರು ನಗುವುದಿಲ್ಲವೇ? ಮಗನ ಕೈಯಲ್ಲಿ ನೋಡಿಸಿದೆ. ಒಂದೇ ಏಟಿಗೆ ಒತ್ತಿ, "ಕಲ್ಲಿನ ಹಾಗಿದೆಯಮ್ಮ, ಬೇಕಾದ್ರೆ ಮೇಲೆ ನಿಂತ್ಕೋ" ಎಂದ. ಬ್ರೇಕ್ ಆಯಿಲ್ ಮಾತ್ರ ಸ್ವಲ್ಪ ಇಳಿದಿತ್ತಂತೆ, ಡಬ್ಬಿಯಲ್ಲಿ ಉಳಿದದ್ದನ್ನು ಹಾಕಿದ. ಹೋದ ವಾರವೂ ಹಾಕಿದ್ದನಂತೆ. ಅಂಗಳದ ಕಲ್ಲಿನ ಮೇಲೆ ಒಂದು ತೊಟ್ಟು ಬಿದ್ದಿಲ್ಲ, ನಾನೇ ಬಗ್ಗಿ ನೋಡಿದೆ. ಹಾಗಾಗಿ ಸೋರಿಕೆ ಏನಿಲ್ಲ, ನಿಶ್ಚಿಂತೆಯಾಗಿರಿ.

ಗೀರು ಗೀರು ಎಂದು ಯಾಕೆ ಹಿಡಿದಿದ್ದೀರೋ! ಗಾಡಿ ಎಂದ ಮೇಲೆ ಗೀರು ಬೀಳುತ್ತದೆ.

ನಿಮ್ಮ ಕಿವಿಯ ವಿಷಯ ಸೊಸೆ ಹೇಳಿದಳು. ಫೋನ್ ತೆಗೆಯದಿರುವುದು ಬಿಂಕವೆಂದು ತಿಳಿದಿದ್ದೆ. ಮೊದಲೇ ಹೇಳಬಾರದಿತ್ತೇ?

ಶುಕ್ರವಾರ ಗುಬ್ಬಿಯ ಕಣ್ಣು ತೋರಿಸಲು ಅವಳು ದೂರದ ದೊಡ್ಡ ಆಸ್ಪತ್ರೆಗೆ ಹೊರಡುತ್ತಾಳೆ, ತಾಯಿ ಮಗಳು ಇಬ್ಬರೇ. ದಾರಿಯಲ್ಲಿ ಚಾರ್ಜ್ ಸಿಗುವುದು ಕಷ್ಟವಂತೆ. ಅದಕ್ಕೆ ಗುರುವಾರ ಒಂದು ದಿನ ಮಾತ್ರ ಪೂರ್ತಿ ತುಂಬಿಸುತ್ತಾರೆ. ಒಂದು ದಿನಕ್ಕೆ ಏನೂ ಆಗದು.

ಇಂತಿ,
ನಿಮ್ಮ ಅಳಿಯನ ತಾಯಿ


ಬ್ರೇಕ್ ಅಂಗಡಿ
ಫೆಬ್ರವರಿ ೨೫, ಶುಕ್ರವಾರ ಬೆಳಿಗ್ಗೆ
(ಫೋಟೋ ತೆಗೆದು ಅಳಿಯಂದಿರ ಫೋನಿಗೆ)

ಬೀಗಿತ್ತಿಯವರೇ,

ಕಾರನ್ನು ಗೇಟಿನಿಂದ ಹೊರಗೆ ಬಿಡಬೇಡಿ.

ನಿಮ್ಮ ಕಾಗದ ನಿನ್ನೆ ಸಂಜೆಯೇ ಬಂದಿತ್ತಂತೆ, ನಾನು ಬಿಡಿಭಾಗ ತರಲು ಹೋಗಿದ್ದೆ. ಈಗ ಬೀಗ ತೆಗೆದ ಮೇಲೆ ನೋಡಿದೆ. ಆಯಿಲ್ ಇಳಿಯುತ್ತಿದೆ, ನೆಲಕ್ಕೆ ಬೀಳುತ್ತಿಲ್ಲ ಎಂದರೆ ಅದು ಒಳಗೇ ಹೋಗುತ್ತಿದೆ. ಮಾಸ್ಟರ್ ಸಿಲಿಂಡರಿನ ರಬ್ಬರ್ ಹರಿದಿದೆ. ಬ್ಯಾಟರಿ ಕಡಿಮೆ ತುಂಬಿಸಿದ್ದು ಮದ್ದಲ್ಲ. ಮೋಟಾರ್ ಹಿಡಿಯುತ್ತಿತ್ತು, ಅದಕ್ಕೇ ಬ್ರೇಕ್ ಇಲ್ಲದ್ದು ಗೊತ್ತಾಗಲಿಲ್ಲ. ಇವತ್ತು ಮೋಟಾರೂ ಹಿಡಿಯುವುದಿಲ್ಲ.

ಮೇಸ್ತ್ರಿ ಫೋನ್ ಮಾಡುತ್ತಲೇ ಇದ್ದಾನೆ. ಅಳಿಯಂದಿರೂ ಎತ್ತುತ್ತಿಲ್ಲ, ಮಗಳೂ ಎತ್ತುತ್ತಿಲ್ಲ.


ಬ್ರೇಕ್ ಅಂಗಡಿ
ಅದೇ ಬೆಳಿಗ್ಗೆ, ಮತ್ತೊಂದು

ಬೀಗಿತ್ತಿಯವರೇ, ಯಾರಾದರೂ ಇದನ್ನು ನೋಡಿದರೆ ಅವಳಿಗೆ ಹೇಳಿ. ಆಗಲೇ ರಸ್ತೆಗೆ ಇಳಿದಿದ್ದರೆ ಪೆಡಲನ್ನು ಬಿಟ್ಟು ಬಿಟ್ಟು ಬೇಗ ಬೇಗ ತುಳಿಯಲಿ. ಹ್ಯಾಂಡ್ ಬ್ರೇಕ್ ಎಳೆದು ಹಿಡಿಯಲಿ. ಗುಡ್ಡದ ಕಡೆಯ ಮಣ್ಣಿಗೆ ಗಾಡಿಯನ್ನು ಉಜ್ಜಿ ನಿಲ್ಲಿಸಲಿ, ಗಾಡಿ ಹಾಳಾದರೆ ಆಗಲಿ.

ಬಂದು ಸೇರಲು ನನಗೆ ಒಂದು ದಿನ ಬೇಕು. ನನ್ನ ಕೈಯಲ್ಲಿ ಪೆನ್ನು ಬಿಟ್ಟರೆ ಏನೂ ಇಲ್ಲ. ಒಂದು ಸಾಲು ಬರೆಯಿರಿ.


ಗುಡ್ಡದ ಮೇಲಿನ ಮನೆ
ಫೆಬ್ರವರಿ ೨೫, ಮಧ್ಯಾಹ್ನ

ಬೀಗಿತ್ತಿಯವರೇ,

ಇಬ್ಬರೂ ಮನೆಯಲ್ಲಿದ್ದಾರೆ ಎಂದು ಮಗ ಮೇಸ್ತ್ರಿಗೆ ಆಗಲೇ ಹೇಳಿದ್ದಾನೆ. ಗುಬ್ಬಿ ನನ್ನ ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿದ್ದಾಳೆ. ಈ ಕಾಗದವನ್ನೂ ನಿಮ್ಮ ಹಾಗೆ ಫೋಟೋ ತೆಗೆಸಿ ಕಳಿಸುತ್ತೇನೆ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು, ಇಷ್ಟು ದಿನ ಹಾಗೆ ಬರೆಯಲಿಲ್ಲ.

ಮಗ ಸ್ನಾನಕ್ಕೆ ಹೋಗಿದ್ದ. ಅವನ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಬೇರೆಯವರ ಫೋನು ಮುಟ್ಟುವ ಅಭ್ಯಾಸ ನನಗಿಲ್ಲ. ಸುಮ್ಮನಾಗಲಿ ಎಂದು ಬಟ್ಟೆ ಮುಚ್ಚಲು ಹೋದೆ, ಪರದೆಯ ಮೇಲೆ ನಿಮ್ಮ ಅಕ್ಷರ ಕಂಡಿತು. ನೆಟ್ಟಗೆ, ಒತ್ತಿ ಬರೆಯುವ ಅಕ್ಷರ. ಮೊದಲ ಸಾಲು ಓದಿದೆ. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಕರೆಂಟಿನ ಗಾಡಿಗೆ ಬೇರೆ ಸದ್ದಿಲ್ಲ, ಹೊರಟಿದೆಯೋ ನಿಂತಿದೆಯೋ ಒಳಗಿದ್ದವರಿಗೆ ತಿಳಿಯುವುದಿಲ್ಲ. ಚಪ್ಪಲಿ ಹಾಕಲಿಲ್ಲ. ಓಡಿದೆ. ನಾನು ಓಡಿ ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ.

ಕಾರು ಗೇಟಿನ ಕಡೆ ತಿರುಗಿತ್ತು. ಕೂಗಿದರೆ ಗಾಜು ಏರಿಸಿದ್ದಾಳೆ, ಕೇಳಿಸದು. ಹೋಗಿ ತೆರೆದ ಗೇಟಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ನಿಂತುಬಿಟ್ಟೆ. ಕಾರು ನನ್ನ ಕಡೆಗೇ ಬಂತು. ಸೊಸೆಯ ಮುಖ ನೋಡಿದೆ. ಅವಳು ಪೆಡಲ್ ತುಳಿಯುತ್ತಿದ್ದಳು, ಮತ್ತೆ ತುಳಿಯುತ್ತಿದ್ದಳು, ಕಾರು ಬರುತ್ತಲೇ ಇತ್ತು. ಅಂಗಳ ಸಮತಟ್ಟು, ವೇಗವೂ ಇರಲಿಲ್ಲ. ಮುಂದಿನ ಬಂಪರು ನನ್ನ ಸೀರೆಗೆ ತಾಗಿ ನಿಂತಿತು.

ಇಳಿದು ಬಂದವಳಿಗೆ ನಿಮ್ಮ ಕಾಗದದ ಮಾತು ಹೇಳಿದೆ, ಅವಳು ನನ್ನ ಎರಡೂ ಭುಜ ಹಿಡಿದುಕೊಂಡಳು. "ಅತ್ತೆ! ಬ್ರೇಕ್ ಇಲ್ಲ ಅಂತ ಹೇಳೋಕೆ ಬಂದು ಅದೇ ಕಾರಿನ ಮುಂದೆ ನಿಲ್ತಾರಾ ಯಾರಾದ್ರೂ!"

"ಮತ್ತೆಲ್ಲಿ ನಿಲ್ಲಲಿ? ಹಿಂದೆ ನಿಂತ್ರೆ ನೀನು ನೋಡ್ತಿದ್ಯಾ?" ಎಂದೆ. ಹಿಂದಿನ ಸೀಟಿನಿಂದ ಗುಬ್ಬಿ, "ಅಜ್ಜಿ ಔಟ್!" ಎಂದು ಚಪ್ಪಾಳೆ ತಟ್ಟಿದಳು.

ಆಮೇಲೆ ಡ್ರೈವರ್ ಸೀಟಿನಲ್ಲಿ ನಾನು ಕೂತೆ. ಗೇಟು ತೆರೆದೇ ಇತ್ತು, ಬೀದಿಯವರು ನೋಡುತ್ತಲೂ ಇದ್ದರು. ಗಾಡಿ ಆನ್ ಮಾಡಿಸಿ, ನೀವು ಬರೆದ ಹಾಗೆ ಮೆಲ್ಲಗೆ ಒತ್ತಿ ಹಿಡಿದೆ. ಮೊದಲು ತಡೆಯಿತು. ಸರಿ ಇದೆಯಲ್ಲ ಅಂದುಕೊಂಡೆ. ಆಮೇಲೆ ಕೆಸರಿನಲ್ಲಿ ಕಾಲು ಹೂತ ಹಾಗೆ, ತಡೆಯುತ್ತಿದ್ದೇನೆ ತಡೆಯುತ್ತಿದ್ದೇನೆ ಎನ್ನುತ್ತಲೇ ಇಳಿಯಿತು, ನೆಲದವರೆಗೂ. ದಿನಾ ಬೆಳಿಗ್ಗೆ ಅವಳು ಇದರ ಮೇಲೆ ಕಾಲಿಟ್ಟು, ನನ್ನ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು, ಆ ರಸ್ತೆಯಲ್ಲಿ ಇಳಿಯುತ್ತಿದ್ದಳು. ನಾನು ಕುಣಿಯಲಾರದವಳ ಗಾದೆ ಹೇಳುತ್ತಿದ್ದೆ.

ಇನ್ನು ಗೀರು. ಜನವರಿ ಕೊನೆಯಲ್ಲಿ ಮೂರನೆಯ ತಿರುವಿನಲ್ಲಿ ಗಾಡಿ ನಿಲ್ಲದೆ ತಡೆಗೋಡೆಗೆ ಉಜ್ಜಿತು. ಎಡಗಡೆಯ ಎರಡೂ ಬಾಗಿಲು, ಗುಬ್ಬಿ ಕೂರುವ ಕಡೆ. ಆ ಗೋಡೆಯ ಆಚೆ ಏನೂ ಇಲ್ಲ, ಬರೀ ಗಾಳಿ. ಸೊಸೆ ಅಳುತ್ತ ಬಂದು ಹೇಳಿದಾಗ, "ನೋಡಿಕೊಂಡು ಓಡಿಸಬೇಕು" ಎಂದೆ. ನಿಮಗೆ ಸಣ್ಣ ಗೀರು ಎಂದು ಬರೆದೆ. ನಮ್ಮ ಮನೆಯಲ್ಲಿ ನಿಮ್ಮ ಮಗಳಿಗೆ ಅಪಾಯವಾಯಿತು ಎಂಬ ಮಾತು ನಿಮ್ಮ ಕಿವಿಗೆ ಹೋಗುವುದು ನನಗೆ ಬೇಕಿರಲಿಲ್ಲ.

ಕಾರು ಅಂಗಳದಲ್ಲಿದೆ. ಚಕ್ರಗಳಿಗೆ ಕಲ್ಲು ಕೊಟ್ಟಿದ್ದೇನೆ. ಕೀಲಿ ನನ್ನ ಸೆರಗಿನಲ್ಲಿದೆ. ಮುಂದೆ ಏನು ಮಾಡಬೇಕು, ಹೇಳಿ.

ನಿಮ್ಮ ಅಳಿಯನ ತಾಯಿ


ಬ್ರೇಕ್ ಅಂಗಡಿ
ಮಾರ್ಚ್ ೧

ಬೀಗಿತ್ತಿಯವರಿಗೆ,

ನಮಸ್ಕಾರ. ಕಾರನ್ನು ಲಾರಿಯ ಮೇಲೆ ಹೇರಿಸಿ ಸರ್ವಿಸ್ ಸೆಂಟರಿಗೆ ಕಳಿಸಿದಿರೆಂದು ಮೇಸ್ತ್ರಿ ಹೇಳಿದ. ಸರಿ ಮಾಡಿದಿರಿ. "ನೋಡ್ತೀವಿ" ಎಂದು ಅವರು ಮತ್ತೆ ತೊಳೆದು ಕೊಡಲು ಬಿಡಬೇಡಿ. ಹೀಗೆ ಹೇಳಿ: ಮಾಸ್ಟರ್ ಸಿಲಿಂಡರ್ ಬದಲಾಯಿಸಬೇಕು. ಅದರ ಹಿಂದೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರಿನೊಳಗೆ ಆಯಿಲ್ ಹೋಗಿದೆಯೇ ಬಿಚ್ಚಿ ನೋಡಬೇಕು, ಹೋಗಿದ್ದರೆ ಅದನ್ನೂ ಬದಲಾಯಿಸಬೇಕು. ಹಳೆಯ ಆಯಿಲ್ ಒಂದು ತೊಟ್ಟೂ ಉಳಿಯಬಾರದು. ಚಕ್ರದ ಹತ್ತಿರದ ಬ್ರೇಕುಗಳನ್ನೂ ಬಿಚ್ಚಿ ತುಕ್ಕು ತೆಗೆಯಬೇಕು, ಮೋಟಾರಿನ ದುಡಿಮೆಯಲ್ಲಿ ಕೂತು ತಿಂದು ಅವು ಜಡವಾಗಿರುತ್ತವೆ. ತೆಗೆದ ಹಳೆಯ ಸಿಲಿಂಡರನ್ನು ನಿಮ್ಮ ಕೈಗೆ ಕೊಡಬೇಕು. ಕೊಡುವವರೆಗೂ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿರಿ. ಅದು ನಿಮಗೆ ಚೆನ್ನಾಗಿ ಬರುತ್ತದೆ.

ಗಾಳಿ ತೆಗೆಯುವುದನ್ನು ಮಾತ್ರ ನನ್ನ ಹಾಗೆ ಮಾಡಿಸಬೇಡಿ. ಈ ಗಾಡಿಗಳಲ್ಲಿ ಒಳಗೊಂದು ಪಂಪು, ಕವಾಟಗಳು ಇವೆಯಂತೆ. ಅವುಗಳಲ್ಲಿ ಸಿಕ್ಕ ಗಾಳಿ ಕಂಪ್ಯೂಟರ್ ಹಚ್ಚಿ ಅವನ್ನು ತೆರೆಸಿದರೆ ಮಾತ್ರ ಬರುತ್ತದಂತೆ. ಇದನ್ನು ನಾನು ಮೊನ್ನೆ ಕೇಳಿ ತಿಳಿದೆ. ಚಕ್ರ ಹಿಡಿಯುವುದು ಒಂದೇ ವಿದ್ಯೆ ಎಂದು ಬರೆದಿದ್ದೆ. ಅಲ್ಲ.

ನೀವು ಗೋಡೆಯ ವಿಷಯ ಬರೆದಿರಿ. ನಾನೂ ಒಂದು ಬರೆಯಬೇಕು. ನಿಮ್ಮ ಮೊದಲ ಕಾಗದ ಬರುವ ಮುಂಚೆಯೇ ಮಗಳು ನನಗೆ ಬರೆದಿದ್ದಳು. "ಅಮ್ಮ, ನಂಗೆ ಕೆಳಗಡೆ ನಮ್ದೇ ಒಂದು ಮನೆ ಬೇಕು. ಆ ಕಾರು ಆ ರಸ್ತೆಗೆ ಆಗಲ್ಲ ಅಂತ ಅತ್ತೆಗೆ ನೀನೇ ಒಂದು ಮಾತು ಬರಿ" ಎಂದು ಕೇಳಿದ್ದಳು. ನಾನು ಉತ್ತರ ಬರೆಯಲಿಲ್ಲ. ನಿಮಗೆ ಡ್ರಮ್ಮಿನ ಮೇಲೆ ಓದಿದವಳು ಎಂದು ದೊಡ್ಡದಾಗಿ ಬರೆದೆ, ಒಳಗೆ ನನಗೂ ಅನುಮಾನವಿತ್ತು. ಲಾರಿಯವನೊಬ್ಬ ಬಂದು ಪೆಡಲ್ ಮೆತ್ತಗೆ ಎಂದರೆ ನಾನೇ ಹತ್ತಿ ಕೂತು ಎಲ್ಲ ಕೇಳುತ್ತೇನೆ. ಮಗಳು ಅಂದಾಗ ಕೇಳದೆ, ಗಾಳಿ ತೆಗೆಯಿರಿ ಎಂದು ಬರೆದು ಕೈ ತೊಳೆದುಕೊಂಡೆ. ಹಾಗಾಗಿ ಗಾದೆ ಹೇಳಿದ್ದಕ್ಕೆ ನೀವೊಬ್ಬರೇ ತಲೆ ತಗ್ಗಿಸಬೇಕಿಲ್ಲ.

ಬ್ರೇಕ್ ಸರಿಹೋಗುತ್ತದೆ. ಆಮೇಲೂ ಅವಳು ಕೆಳಗೆ ಹೋಗಬೇಕು ಎಂದರೆ, ಬೀಗಿತ್ತಿಯವರೇ, ಅದನ್ನು ನೆಪ ಅನ್ನಬೇಡಿ. ಆಸೆ ಅನ್ನಿ. ಬೇಡವೆನ್ನುವುದು ಬಿಡುವುದು ನಿಮಗೆ ಸೇರಿದ್ದು, ನಾನು ಬಾಯಿ ಹಾಕುವುದಿಲ್ಲ.

ನನ್ನ ಕಿವಿ ಸರಿಯಾಗಿಯೇ ಇದೆ. ಈಚೆಗೆ ಜನ ಮೆಲ್ಲಗೆ ಮಾತಾಡುತ್ತಾರೆ.

ನಿಮ್ಮ ಸೊಸೆಯ ತಾಯಿ


ಗುಡ್ಡದ ಮೇಲಿನ ಮನೆ
ಮಾರ್ಚ್ ೧೦

ಬೀಗಿತ್ತಿಯವರಿಗೆ,

ನಮಸ್ಕಾರ. ನೀವು ಹೇಳಿದ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಅಲ್ಲಿನ ಮ್ಯಾನೇಜರ್ ಎರಡು ಸಲ ಕಾಫಿ ಕಳಿಸಿದ, ಮೂರನೆಯ ಸಲ ತಾನೇ ಬಂದ. "ಮೇಡಂ, ನೀವು ಹೋಗಿರಿ, ನಾವು ಫೋನ್ ಮಾಡ್ತೀವಿ" ಎಂದ. "ನಮ್ಮ ಕಡೆ ಕೆಲಸದ ಮಾತನ್ನು ಫೋನಿನಲ್ಲಿ ಆಡುವ ಪದ್ಧತಿಯಿಲ್ಲ" ಎಂದೆ. ಹಳೆಯ ಸಿಲಿಂಡರ್ ತಂದು ಕೈಗಿಟ್ಟರು. ರಬ್ಬರಿನ ಅಂಚು ಹರಿದಿತ್ತು. ಹಿಂದಿನ ಬೂಸ್ಟರಿಗೂ ಆಯಿಲ್ ಹೋಗಿತ್ತು, ಅದನ್ನೂ ಬದಲಾಯಿಸಿದರು. ಕಂಪ್ಯೂಟರ್ ಹಚ್ಚಿ ಗಾಳಿ ತೆಗೆಯುವಾಗ ಒಳಗಿನ ಪಂಪು ತಾನಾಗಿ ಗುರ್ರೆಂದಿತು. ಸೊಸೆ ಚಕ್ರದ ಹತ್ತಿರ ಕೂತು ಗುಳ್ಳೆ ಬರುವುದನ್ನು ತಾನೇ ನೋಡಿದಳು. ಅವರು ಬೇಡವೆಂದರೂ ಏಳಲಿಲ್ಲ.

ಮೊನ್ನೆ ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸಿದೆವು. ಬೆಳಿಗ್ಗೆ ಗುಬ್ಬಿಯನ್ನು ಅವಳ ಅಪ್ಪನ ಹತ್ತಿರ ಬಿಟ್ಟು, ಸೊಸೆಯ ಪಕ್ಕ ನಾನು ಕೂತೆ.

"ಅತ್ತೆ, ನೀವ್ಯಾಕೆ? ನಾನು ಮೊದ್ಲು ಒಬ್ಳೇ ಹೋಗಿ ನೋಡ್ಕೊಂಡು ಬರ್ತೀನಿ."

"ಒಬ್ಳೇ ಹೋಗಿದ್ದು ಸಾಕು. ನಡಿ."

ಗೇಟು ದಾಟಿ ಇಳಿದೆವು. ಕಾಲು ತೆಗೆದರೂ ಗಾಡಿ ಜಾರುತ್ತಲೇ ಇತ್ತು, ನಿಮ್ಮ ಆಟೋದವನು ಹೇಳಿದ ಹಾಗೆಯೇ. ನಾನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲ ತಿರುವಿನಲ್ಲಿ ಪೆಡಲ್ ಒತ್ತಿದಳು, ಗಾಡಿ ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು. ಮೂರನೆಯ ತಿರುವಿನಲ್ಲಿ, ಗೋಡೆಯ ಪಕ್ಕದಲ್ಲೇ, ಪೂರ್ತಿ ನಿಲ್ಲಿಸಿದಳು. ಕಾಲನ್ನು ಪೆಡಲಿನ ಮೇಲೆ ಮೆಲ್ಲಗೆ ಇಟ್ಟು ಹಿಡಿದೇ ಇದ್ದಳು. ಇಬ್ಬರೂ ಆ ಕಾಲನ್ನೇ ನೋಡುತ್ತಿದ್ದೆವು. ಜಾರಲಿಲ್ಲ. ಗೋಡೆಯ ಮೇಲೆ ನಮ್ಮ ಕಾರಿನ ಬಣ್ಣ ಇನ್ನೂ ಅಂಟಿಕೊಂಡಿತ್ತು.

ಅಲ್ಲಿ ನಿಂತುಕೊಂಡೇ ಅವಳು ಹೇಳಿದಳು. "ಅತ್ತೆ, ಬ್ರೇಕ್ ಚೆನ್ನಾಗಿದೆ. ಇನ್ನು ಅದರ ಹೆಸರು ಹೇಳೋ ಹಾಗಿಲ್ಲ. ಆದ್ರೂ ನಂಗೆ ಕೆಳಗಡೆ ಮನೆ ಬೇಕು."

"ನನ್ನಿಂದ ಏನಾದ್ರೂ ಆಯ್ತಾ?"

"ನಿಮ್ಮಿಂದ ಅಂತಲ್ಲ ಅತ್ತೆ. ಬೆಳಿಗ್ಗೆ ಎದ್ದು, ಯಾರನ್ನೂ ಕೇಳ್ದೆ, ಒಲೆ ಹಚ್ಚಬೇಕು ಅನ್ಸತ್ತೆ. ಸುಟ್ರೆ ನಾನೇ ಸುಡಬೇಕು, ನಾನೇ ತಿನ್ಬೇಕು."

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅವಳ ವಯಸ್ಸಿನಲ್ಲಿ ನನಗೂ ಹಾಗೆ ಅನಿಸಿತ್ತು, ನನಗೆ ಹೇಳುವ ಧೈರ್ಯ ಇರಲಿಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬಂತು. ಹಿಂದೆ ಒಂದು ವ್ಯಾನು ಬಂದು ಹಾರ್ನ್ ಹೊಡೆಯಿತು. ಗಾಡಿ ಮತ್ತೆ ಇಳಿಯಿತು. ಗುಡ್ಡದ ಬುಡ ತಲುಪಿದೆವು.

"ಮನೆ ನೋಡಿದ್ದೀಯಾ?" ಎಂದೆ.

"ನೋಡಿದ್ದೀನಿ."

"ತೋರಿಸು."

ಆಸ್ಪತ್ರೆಯ ಹಿಂದಿನ ಬೀದಿ, ಮೊದಲ ಮಹಡಿ. ಎರಡು ಕೋಣೆ. ಅಡುಗೆಮನೆಯ ಕಿಟಕಿ ಚಿಕ್ಕದು, ಹೊಗೆ ಹೋಗಲು ಜಾಗವಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದೆ. ಬಚ್ಚಲಿನ ಬಾಗಿಲು ಕೆಳಗೆ ಕೊಳೆತಿದೆ. ಒಂದನೆಯ ತಾರೀಖಿನೊಳಗೆ ಇದೆಲ್ಲ ಸರಿಯಾಗದಿದ್ದರೆ ನಮ್ಮವರು ಬರುವುದಿಲ್ಲ ಎಂದು ಮನೆಯ ಯಜಮಾನನಿಗೆ ಹೇಳಿದೆ. ಅವನು ಪಾಪ, "ಆಯ್ತಮ್ಮ, ಆಯ್ತಮ್ಮ" ಎನ್ನುತ್ತ ಗೋಡೆಗೆ ಒರಗಿದ. ನಮ್ಮವರು ಬರುತ್ತಾರೆ ಎಂದು ನಾನೇ ಹೇಳಿಬಿಟ್ಟಿದ್ದು ಸೊಸೆಯ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು.

ಹೊರಡುವಾಗ ಯಜಮಾನ ಎರಡು ಕೀಲಿ ತಂದ. ಹಿರಿಯಳೆಂದು ನನ್ನ ಮುಂದೆ ಹಿಡಿದ. ಒಂದು ನನ್ನ ಬಳಿ ಇರಲಿ ಎಂದು ಕೈ ಮುಂದೆ ಹೋಗಿತ್ತು. ಸೊಸೆ ನೋಡುತ್ತಿದ್ದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಎರಡನ್ನೂ ಅವಳಿಗೇ ಕೊಡಿ ಎಂದು ಹೇಳಿ, ಮೆಟ್ಟಿಲಿಳಿದು ಕೆಳಗೆ ಬಂದು ನಿಂತೆ.

ನಿಮ್ಮ ಬೀಗಿತ್ತಿ